ಗುಬ್ಬಿಯ ಗೆಳತಿಗೆ ಹೊಲಿದ ಟೋಪಿ

ನಮ್ಮದು ಟೋಪಿ ಹೊಲಿಯುವ ಮನೆ. ತುಮಕೂರಿನ ಗಂಡಸರು ನಮಾಜಿಗೆ ಹಾಕಿಕೊಳ್ಳುವ ಬಿಳಿ ಟೋಪಿಗಳನ್ನು ಅಬ್ಬಾ ಚಿಕ್ಕಂದಿನಿಂದಲೂ ಹೊಲಿಯುತ್ತಾ ಬಂದವರು. ಕಾಲೇಜಿನಲ್ಲಿ ನನ್ನನ್ನು "ಊರಿಗೆಲ್ಲ ಟೋಪಿ ಹಾಕೋ ಮನೆಯವಳು" ಅಂತ ರೇಗಿಸುತ್ತಿದ್ದವಳು ಗುಬ್ಬಿಯ ಗೆಳತಿ. ಮುಂದೆ ಅವಳು ತನ್ನೂರಲ್ಲೇ ಪ್ರೈಮರಿ ಶಾಲೆ ಟೀಚರ್ ಆದಳು. ನಾನು ಅಬ್ಬಾರ ಪಕ್ಕದ ಮೆಷಿನ್ನಿಗೆ ಕೂತೆ.

ಒಂದು ಬೇಸಿಗೆಯಲ್ಲಿ ಅವಳ ಫೋನು ಬಂತು. ಕ್ಯಾನ್ಸರಿಗೆ ಕೀಮೋ ಮುಗಿಸಿಕೊಂಡು, ತಲೆಯಲ್ಲಿ ಕೂದಲಿಲ್ಲದೆ ಮನೆಯೊಳಗೇ ಕೂತಿದ್ದಳು. ಶಾಲೆ ಶುರುವಾಗುವ ಕಾಲ ಹತ್ತಿರವಾಗಿತ್ತು.

"ವಿಗ್ ಹಾಕ್ಕೊಂಡ್ರೆ ತುರಿಕೆ ಕಣೇ. ಸೆರಗು ಹೊದ್ಕೊಂಡ್ರೆ ಬೀದಿಯವರೆಲ್ಲ 'ಅಯ್ಯೋ ಪಾಪ' ಅಂತಾರೆ. ನಂಗೊಂದು ಟೋಪಿ ಮಾಡ್ಕೊಡು. ನೋಡಿದವರು ಟೋಪಿ ವಿಷ್ಯ ಕೇಳ್ಬೇಕು, ಕಾಯಿಲೆ ವಿಷ್ಯ ಅಲ್ಲ."

ಆಯ್ತು ಅಂದುಬಿಟ್ಟೆ. ಅಲ್ಲಿಂದ ನೆಮ್ಮದಿ ಹೋಯಿತು. ನನ್ನ ಕೈಗೆ ಗೊತ್ತಿದ್ದದ್ದು ಒಂದೇ ಆಕಾರ: ಸುತ್ತ ಒಂದು ಪಟ್ಟಿ, ಮೇಲೊಂದು ದುಂಡನೆಯ ತುಂಡು. ಅದನ್ನು ಅವಳ ತಲೆಯ ಮೇಲೆ ಊಹಿಸಿಕೊಳ್ಳಲೂ ಆಗಲಿಲ್ಲ. ಬೇರೆ ದೇಶದ ಹೆಂಗಸರು ತಲೆಗೆ ಏನು ಹಾಕ್ಕೋತಾರೆ ಅಂತ ಫೋನಿನಲ್ಲಿ ಹುಡುಕಲು ಶುರುಮಾಡಿದೆ. ಗಟ್ಟಿ ಬಟ್ಟೆಯನ್ನು ಕಮಲದ ಹಾಗೆ ಅರಳಿಸಿ ಕಟ್ಟುವ ಆಫ್ರಿಕಾದವರು, ಎರಡು ಜಡೆಯ ಮೇಲೆ ಬಟ್ಟಲಿನಂಥ ಉಣ್ಣೆ ಟೋಪಿ ಇಟ್ಟುಕೊಂಡು ಬೆಟ್ಟ ಹತ್ತುವ ದಕ್ಷಿಣ ಅಮೆರಿಕದವರು, ಬಿದಿರಿನ ಚೂಪು ಟೋಪಿಯಲ್ಲಿ ನಾಟಿ ಮಾಡುವ ವಿಯೆಟ್ನಾಮಿನವರು. ಒಂದನ್ನು ನೋಡುತ್ತಿರುವಾಗಲೇ ಇನ್ನೊಂದರ ಮೇಲೆ ಆಸೆ. ಒಲೆ ಮೇಲೆ ಅನ್ನ ಸೀದರೂ ಗೊತ್ತಾಗುತ್ತಿರಲಿಲ್ಲ.

"ಏನು ಕಳ್ಕೊಂಡಿದ್ದೀಯಮ್ಮ, ಹೀಗೆ ಹುಡುಕ್ತಿದ್ದೀಯ?" ಅಂದರು ಅಬ್ಬಾ.

ಮೊದಲು ಹೊಲಿದದ್ದು ಆಫ್ರಿಕಾದ ಮಾದರಿಯದು. ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಗುಬ್ಬಿಗೆ ಹೋದೆ. ಗೆಳತಿ ಹಾಕಿಕೊಂಡು ಕನ್ನಡಿ ನೋಡಿ ಬಿದ್ದು ಬಿದ್ದು ನಕ್ಕಳು. "ಸನ್ಮಾನಕ್ಕೆ ಪೇಟ ಸುತ್ತಿದಂಗಿದೆ ಕಣೇ. ಶಾಲು, ಹಾರ ಎಲ್ಲಿ?" ನಗುತ್ತಲೇ ಕತ್ತು ಹಿಡಿದುಕೊಂಡಳು. ಭಾರವಾಗಿತ್ತು. ತೆಗೆದಿಟ್ಟು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಆಮೇಲೆ ಕರಾವಳಿಯವರ ಹಾಳೆ ಟೋಪಿ ನೆನಪಾಯಿತು. ಗುಬ್ಬಿಯಲ್ಲಿ ಅಡಿಕೆ ಹಾಳೆಗೇನು ಬರ. ನೆನೆಸಿ, ಮಡಚಿ, ಹೊಲಿದೆ. ಹಗುರವಾಗಿ ಬಂತು. ಆದರೆ ಅದರ ಅಂಚು ಅವಳ ಎಳೆ ಚರ್ಮದ ಮೇಲೆ ಕೆಂಪು ಗೆರೆ ಎಳೆಯಿತು. "ಪರ್ವಾಗಿಲ್ಲ ಬಿಡು" ಅಂದಳು. ಆ ಮಾತೇ ನನ್ನನ್ನು ಕೊರೆಯಿತು.

ಕೊನೆಗೆ ಮನಸ್ಸು ನಿಂತದ್ದು ಮಧ್ಯ ಏಷ್ಯಾದ ಉಜ್ಬೆಕ್ ಹೆಂಗಸರ ನಾಲ್ಕು ಮೂಲೆಯ ಟೋಪಿಯ ಮೇಲೆ. ನಾಲ್ಕು ತುಂಡು ಕೂಡಿಸಿ ಹೊಲಿದದ್ದು, ಮಡಚಿದರೆ ಚಪ್ಪಟೆಯಾಗುತ್ತದೆ. ಅವರು ಅದರ ಮೇಲೆ ಬಾದಾಮಿಯಂಥ ಬಿಳಿ ಕಸೂತಿ ಹಾಕುತ್ತಾರೆ. ಅದನ್ನೇ ಬಟ್ಟೆಯ ಮೇಲೆ ಬರೆದುಕೊಂಡೆ. ಸೂಜಿ ಚುಚ್ಚಲು ಹೋದರೆ ಕೈ ಬರಲಿಲ್ಲ. ಆ ಗುರುತಿಗೆ ಅವರಲ್ಲಿ ಏನು ಅರ್ಥವೋ. ನಾವು ಹೊಲಿಯುವ ಬಿಳಿ ಟೋಪಿಯನ್ನು ಯಾರೋ ಬರೀ ಅಂದಕ್ಕೆಂದು ಎತ್ತಿಕೊಂಡರೆ ಅಬ್ಬಾಗೆ ಹೇಗನಿಸೀತು? ಆಕಾರ ಅವರದಿರಲಿ, ಕಸೂತಿ ಬೇಡ ಅಂದುಕೊಂಡು ಗೆಳತಿಗೆ ಫೋನು ಮಾಡಿದೆ.

"ಮೇಲೆ ಏನು ಬರೀಲೇ?"

ಅವಳು ಬಾಗಿಲ ಮುಂದೆ ತಾನೇ ಬಿಟ್ಟ ಚುಕ್ಕಿ ರಂಗೋಲಿಯ ಫೋಟೋ ಕಳಿಸಿದಳು. ಕಾಯಿಲೆ ಬಂದಮೇಲೆ ಅವಳು ರಂಗೋಲಿ ಬಿಟ್ಟದ್ದು ಅದೇ ಮೊದಲಂತೆ. ಅದನ್ನೇ ಹಸಿರು ಬಟ್ಟೆಯ ಮೇಲೆ ಹೊಲಿದೆ. ಹೊಲಿಗೆಯ ಅಂಚುಗಳು ತಲೆಗೆ ತಾಗಬಾರದೆಂದು ಅವನ್ನು ಹೊರಗೆ ತಿರುಗಿಸಿ, ಮೇಲೆ ಕೆಂಪು ಪಟ್ಟಿ ಮುಚ್ಚಿದೆ. ಒಳಗೆ ಒಗೆದೂ ಒಗೆದೂ ಮೆತ್ತಗಾದ ಪಂಚೆಯ ಅಸ್ತರು. ಹಣೆಯ ವಿಭೂತಿ ಮುಚ್ಚದ ಹಾಗೆ ಅಂಚನ್ನು ಒಂದಿಷ್ಟು ಮೇಲಕ್ಕೆ ಕತ್ತರಿಸಿದೆ.

ಶಾಲೆ ಶುರುವಾದ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಿ.ಎಚ್. ರಸ್ತೆಯಲ್ಲಿ ಸುಮ್ಮನೆ ಅತ್ತಿಂದಿತ್ತ ನಡೆದೆ. ಸಂಜೆ ಅವಳ ಫೋನು ಬಂತು.

"ಮಕ್ಳೆಲ್ಲ 'ಮಿಸ್, ಇದ್ಯಾವ ದೇಶದ್ದು?' ಅಂತ ಮುತ್ಕೊಂಡ್ರು ಕಣೇ. ಮ್ಯಾಪ್ ತೆಗ್ದು ತೋರ್ಸಿದೆ. ಬೇರೆ ಏನೂ ಕೇಳ್ಲಿಲ್ಲ ಯಾರೂ."

ಕೂದಲು ಮತ್ತೆ ಬಂದಮೇಲೆ ಅವಳು ಆ ಟೋಪಿಯನ್ನು ಆಸ್ಪತ್ರೆಯಲ್ಲಿ ಪರಿಚಯವಾಗಿದ್ದ ಒಬ್ಬ ಹೆಂಗಸಿಗೆ ಕೊಟ್ಟುಬಿಟ್ಟಳು. ನನ್ನನ್ನು ಕೇಳಲಿಲ್ಲ. "ನೋಡಿದ್ರೆ ಆಸ್ಪತ್ರೆ ವಾಸ್ನೆ ಬರುತ್ತೆ, ಬೇಜಾರ್ ಮಾಡ್ಕೋಬೇಡ" ಅಂದಳು. ಬೇಜಾರಾಯಿತು. ಅಷ್ಟು ದಿನದ ಕೆಲಸವನ್ನು ನಾನೇ ಒಂದು ಸಲ ಬಿಡುವಾಗಿ ಕೂತು ನೋಡಿರಲಿಲ್ಲ.

ಆ ಹೆಂಗಸು ಕುಣಿಗಲ್ ಹತ್ತಿರದ ಕೊತ್ತಗೆರೆಯವರು. ಟೋಪಿಯಲ್ಲಿ ಏನೋ ಸರಿಮಾಡಬೇಕು, ತುಮಕೂರಿನವರೆಗೆ ಬರುವ ಶಕ್ತಿ ಇಲ್ಲ ಅಂತ ಹೇಳಿ ಕಳಿಸಿದರು. ಮುನಿಸಿನಲ್ಲೇ ಬಸ್ ಹತ್ತಿದೆ. ಮನೆ ಮುಂದಿನ ಜಗಲಿಯಲ್ಲಿ ಅವರು ಅದೇ ಟೋಪಿ ಹಾಕಿಕೊಂಡು ಕೂತಿದ್ದರು. ಹಿಂದುಗಡೆ ಒಂದು ಮೊಳ ಕನಕಾಂಬರ ಇಳಿಬಿಟ್ಟಿತ್ತು, ಸೇಫ್ಟಿ ಪಿನ್ನಿನಲ್ಲಿ.

"ಪಿನ್ನು ಚುಚ್ತದೆ ಕಣವ್ವ. ಹಂಗಂತ ಹೂವಿಲ್ದೆ ಹೊಸ್ಲು ದಾಟೋಕೆ ನಂಗಾಗಲ್ಲ. ಏನಾರ ಮಾಡ್ಕೊಡು."

ಜಗಲಿಯ ಮೇಲೆ ಅವರ ಬೆನ್ನ ಹಿಂದೆ ಕೂತು, ಕೆಂಪು ಪಟ್ಟಿಯ ಕೆಳಗೆ ಹೂವು ಸಿಕ್ಕಿಸಲು ಒಂದು ಕುಣಿಕೆ ಹೊಲಿದೆ. ಮುನಿಸು ಯಾವಾಗ ಇಳಿಯಿತೋ ತಿಳಿಯಲಿಲ್ಲ. ಅವರು ತಲೆಯನ್ನು ಅತ್ತಿತ್ತ ಆಡಿಸಿ ನೋಡಿದರು. ಹೂವು ಅಲ್ಲಾಡಿತು, ಬೀಳಲಿಲ್ಲ. "ಈಗ ಸರಿ" ಅಂದು ಎದ್ದು ಬೀದಿಗೆ ಇಳಿದೇಬಿಟ್ಟರು, ಪಕ್ಕದ ಮನೆಯವರಿಗೆ ತೋರಿಸಲು.

ವಾಪಸ್ ಬರುವಾಗ ಬಸ್ಸಿನ ಕಿಟಕಿಯಾಚೆ ಏನಿತ್ತೋ ನೋಡಲಿಲ್ಲ. ಮುಂದಿನ ಸೀಟುಗಳ ಜಡೆ, ತುರುಬು, ದುಪಟ್ಟಾ, ಸೆರಗುಗಳನ್ನೇ ನೋಡುತ್ತಿದ್ದೆ. ಮುಂದಿನ ಟೋಪಿಗೆ ಕುಣಿಕೆಯನ್ನು ಮೊದಲೇ ಪಟ್ಟಿಯೊಳಗೆ ಸೇರಿಸಿ ಹೊಲಿದರೆ ಹೇಗೆ? ಪಟ್ಟಿ ಅಗಲ ಮಾಡಬೇಕಾಗುತ್ತದಾ? ಬೆರಳು ಮಡಿಲ ಮೇಲೆ ತಾನಾಗಿ ಅಳತೆ ಹಾಕುತ್ತಿತ್ತು. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಕೂಗಬೇಕಾಯಿತು.