ಹತ್ತರ ಪಕ್ಕದ ಹನ್ನೊಂದು

ಮರದ ಹೊಟ್ಟು ಮೇಡಂ ಅವರ ಕಣ್ಣರೆಪ್ಪೆಯ ಮೇಲೆ ಕೂತಿರುತ್ತಿತ್ತು. ಒರೆಸಿಕೊಳ್ಳಲೆಂದು ಅವರು ಕೀಬೋರ್ಡಿನಿಂದ ಕೈ ತೆಗೆಯುತ್ತಿರಲಿಲ್ಲ. ಕೆಳದುಟಿ ಮುಂದೆ ಚಾಚಿ ಫೂ ಎಂದು ಮೇಲಕ್ಕೆ ಊದಿಕೊಳ್ಳುತ್ತಿದ್ದರು.

ಚನ್ನಪಟ್ಟಣದ ನಮ್ಮ ಶೆಡ್ಡಿನಲ್ಲಿ ಗೊಂಬೆ ಕಡೆಯುವ ಕಂಪ್ಯೂಟರ್ ಲೇತುಗಳು ತಯಾರಾಗುತ್ತಿದ್ದವು. ಅವಕ್ಕೆ ಪ್ರೋಗ್ರಾಂ ಬರೆಯಲು ಮೇಡಂ ದಿನಾ ಕನಕಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಾನು ಫಿಟ್ಟರ್, ಬೈರಾಪಟ್ಟಣದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ ನಿಜ. ಆದರೆ ನಾನು ಕೂರಿಸಿದ ಬೇರಿಂಗು ಸದ್ದು ಮಾಡಿದ್ದನ್ನು ಯಾರೂ ಕೇಳಿಲ್ಲ.

ಲೇತು ಹೇಳಿದ ಮಾತು ಕೇಳದಿದ್ದರೆ ಮೇಡಂ ಡಿಬಗ್ಗರ್ ತೆರೆಯುತ್ತಿದ್ದರು. ಪ್ರೋಗ್ರಾಮನ್ನು ತಡೆದು ತಡೆದು ನಡೆಸಿ ತಪ್ಪು ಹಿಡಿಯುವ ಸಾಧನ ಅದು. ನಾನು ಲೇತಿನೊಳಗೆ ಕೈಯಿಟ್ಟುಕೊಂಡು, ಉಳಿ ಎಷ್ಟು ಸರಿಯಿತೆಂದು ಮುಟ್ಟಿ ನೋಡಿ ಹೇಳಬೇಕು. ಮೇಲಿನ ಸಾಲಿನ ಹನ್ನೊಂದನೇ ಕೀ ಒತ್ತಿದರೆ ಉಳಿ ಒಂದಿಷ್ಟೇ ಸರಿದು ನಿಲ್ಲುತ್ತದೆ. ಪಕ್ಕದ ಹತ್ತನೆಯದನ್ನು ಒತ್ತಿದರೆ ಆ ಕೆಲಸವೆಲ್ಲ ಒಂದೇ ಏಟಿಗೆ ಮುಗಿಯುತ್ತದೆ, ಮಧ್ಯೆ ನಿಲ್ಲುವುದಿಲ್ಲ. ಎರಡೂ ಒಂದೇ ಬಣ್ಣ, ಒಂದೇ ಅಳತೆ.

"ಒಸಿ ನೋಡ್ಕೊಂಡ್ ಒತ್ತಿ ಮೇಡಂ, ಕೈ ಒಳಗೈತೆ" ಎನ್ನುತ್ತಿದ್ದೆ.

"ಕೈ ಹೋದ್ರೂ ಬಾಯಿ ಉಳೀತದಲ್ಲ ಫಿಟ್ಟರೇ, ಈ ಶೆಡ್ಡು ನಡೀತಿರೋದೇ ಅದ್ರಿಂದ."

ಒಂದು ಮಧ್ಯಾಹ್ನ ಅವರ ಬೆರಳು ಪಕ್ಕಕ್ಕೆ ಜಾರಿತು. ಉಳಿ ನುಗ್ಗಿ ನನ್ನ ಹೆಬ್ಬೆರಳಿನ ಉಗುರನ್ನು ಕಿತ್ತುಕೊಂಡು ಹೋಯಿತು. ಮೇಡಂ ತಮ್ಮ ವೇಲನ್ನು ನನ್ನ ಕೈಗೆ ಸುತ್ತಿ, ಬಿಗಿಯಾಗಿ ಹಿಡಿದು ಕೂತರು.

"ಉಗ್ರು ತಾನೆ? ಬೆಳೀತದೆ ಬುಡಿ" ಎಂದೆ.

"ಇವತ್ತು ಉಗುರು. ನಾಳೆ?"

ಮರುದಿನ ಹತ್ತನೇ ಕೀಯ ಮೇಲೆ ಗೊಂಬೆಗೆ ಹಚ್ಚುವ ಕೆಂಪು ಅರಗನ್ನು ಬಳಿದರು. ಸಂಜೆಗೆ ತಾವೇ ಕೆರೆದು ತೆಗೆದರು. "ಕಣ್ಣು ಪರದೆ ಮೇಲಿರತ್ತೆ. ಬಣ್ಣ ಯಾರು ನೋಡ್ತಾರೆ?" ಆಮೇಲೆ ತಗಡು ಕತ್ತರಿಸುವ ನಮ್ಮ ಪ್ರೆಸ್ಸಿನ ಮುಂದೆ ನಿಂತು, ಅದಕ್ಕೆ ಎರಡು ಗುಂಡಿ ಯಾಕೆಂದು ಕೇಳಿದರು.

"ಎರಡೂ ಕೈಲಿ ಒತ್ತುದ್ರೇ ಇಳಿಯೋದು. ಮೈಮರೆತು ಇಳಿಸ್ಬುಡ್ಬಾರ್ದು ಅಂತ."

ಮೇಡಂ ಹೋಗಿ ಪರದೆಯ ಮುಂದೆ ಕೂತರು. ಹತ್ತನೇ ಕೀಯ ಕೆಲಸವನ್ನು ಕಿತ್ತು, ಕೀಬೋರ್ಡಿನ ಎಡತುದಿಯ ಒಂದು ಕೀಗೂ ಬಲತುದಿಯ ಒಂದು ಕೀಗೂ ಹಂಚಿದರು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಆಜ್ಞೆ. ಒಂದು ಕೈ ಎಷ್ಟು ಅಗಲಿಸಿದರೂ ಎಟುಕುವುದಿಲ್ಲ. ಜಾರಿದ ಬೆರಳಿಗಂತೂ ಸಿಕ್ಕುವುದೇ ಇಲ್ಲ.

ಅದಾಗಿ ಎರಡು ವರ್ಷಕ್ಕೆ ಮೇಡಂಗೆ ಲಕ್ವ ಹೊಡೆಯಿತು. ಅವರು ಮತ್ತೆ ಶೆಡ್ಡಿಗೆ ಬಂದಾಗ ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಕಣ್ಣರೆಪ್ಪೆಯ ಹೊಟ್ಟು ಊದಲು ತುಟಿಯೂ ಒಂದೇ ಕಡೆ ಏಳುತ್ತಿತ್ತು.

ಮಾಲೀಕರು ಕೆಟ್ಟವರಲ್ಲ, ಅವಸರದವರು. "ಆ ಎರಡು ಕೈ ಆಟ ಸಾಕು ಮೇಡಂ. ಮೊದ್ಲಿನಂಗೆ ಒಂದೇ ಕೀಗೆ ಮಾಡ್ಕೊಳಿ. ಆಗಲ್ಲ ಅಂದ್ರೆ ಬೇರೆಯೋರ್ನ ನೋಡ್ಬೇಕಾಯ್ತದೆ" ಎಂದರು.

ಅವರು ಅತ್ತ ಹೋದ ಮೇಲೆ ನಾನೂ ಅಂದೆ: "ಮಾಡ್ಕೊಳಿ ಮೇಡಂ. ಕೆಲ್ಸ ಕಳ್ಕೋಬೇಡಿ. ನಾನ್ ಉಸಾರಾಗಿರ್ತೀನಿ."

"ಎರಡು ಕೈ ಗಟ್ಟಿಯಿದ್ದಾಗ್ಲೇ ಜಾರ್ತು. ಈಗ ಜಾರಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?" ಕುರ್ಚಿಯನ್ನು ಬಲಕ್ಕೆ ಸರಿಸಿಕೊಂಡರು. "ನಿಮ್ಮ ಎಡಗೈ ಕೊಡ್ತೀರಾ? ಲೇತಿಂದ ಆಚೆ ಬಂದು ಇಲ್ಲಿ ಕೂರಿ."

ನಾನು ಅದುವರೆಗೆ ಕೀಬೋರ್ಡ್ ಮುಟ್ಟಿದವನಲ್ಲ. ಕೇಳಿ ಕಲಿಯುವ ಜಾಯಮಾನವೂ ನನ್ನದಲ್ಲ. "ಕೈಯೆಲ್ಲ ಗ್ರೀಸ್ ಐತೆ" ಎಂದು ನೆಪ ತೆಗೆದೆ.

"ಇರ್ಲಿ. ಕೀಬೋರ್ಡೇನು ನಿಮ್ಮ ಮಾರ್ಕ್ಸ್ ಕಾರ್ಡ್ ಕೇಳ್ತದಾ?"

ಹೋಗಿ ಕೂತೆ. ಎಡತುದಿಯ ಕೀ ನನ್ನದು, ಬಲತುದಿಯದು ಅವರದು. ಅವರು "ಹೂಂ" ಎಂದರೆ ಇಬ್ಬರೂ ಒತ್ತುವುದು. ಒತ್ತುವ ಮುಂಚೆ ಪ್ರತಿ ಸಾಲನ್ನೂ ಓದಿ, ಈಗ ಮೋಟಾರು ಏನು ಮಾಡುತ್ತದೆ ಹೇಳಿ ಎಂದು ಕೇಳುತ್ತಿದ್ದರು. ಮೋಟಾರು ನನಗೆ ಗೊತ್ತಿತ್ತು. ಸಾಲು ಅವರಿಗೆ ಗೊತ್ತಿತ್ತು. ಹಾಗೆ ಆಡುತ್ತಾಡುತ್ತ ಪರದೆಯ ಮೇಲಿನ ಅಕ್ಷರಗಳು ನನಗೆ ಬಾಯಿ ಬಿಟ್ಟವು. ಮಾಲೀಕರು ನೋಡಿಯೂ ನೋಡದವರಂತೆ ಇದ್ದುಬಿಟ್ಟರು.

ಎರಡನೇ ಸಲದ ಲಕ್ವ ಮೇಡಂ ಅವರನ್ನು ಏಳಗೊಡಲಿಲ್ಲ. ಕನಕಪುರಕ್ಕೆ ಹೋದೆ. ಅಂಗಳದಲ್ಲಿ ಮಲಗಿಸಿದ್ದರು. ಅವರ ಅಣ್ಣ ನನ್ನನ್ನು ಯಾರೆಂದು ಕೇಳಿದರು. ಫಿಟ್ಟರ್ ಎಂದಷ್ಟೇ ಹೇಳಿದೆ.

"ಓ, ನೀವೇನಾ? ನನ್ನ ಎಡಗೈ ಚನ್ನಪಟ್ಟಣದಲ್ಲಿ ಐತೆ ಅಂತಿದ್ಲು" ಎಂದರು.

ಈಗ ಶೆಡ್ಡಿನಲ್ಲಿ ಡಿಬಗ್ಗರ್ ಮುಂದೆ ಕೂರುವವನು ನಾನು. ಲೇತಿನೊಳಗೆ ಬೇರೊಬ್ಬನ ಕೈ ಇರುತ್ತದೆ. ಮೇಡಂ ಜೋಡಿಸಿದ ಕೀಗಳನ್ನು ಬದಲಿಸಿಲ್ಲ. ಒಮ್ಮೊಮ್ಮೆ ಎಡತುದಿಯದನ್ನು ಒತ್ತಿ ಹಿಡಿದು ಸುಮ್ಮನೆ ಕೂತುಬಿಡುತ್ತೇನೆ. ಪರದೆಯ ಮೇಲೆ ಸಾಲು ಕದಲುವುದಿಲ್ಲ. ಬಲಗೈಯೂ ನನ್ನದೇ ಆಗಬೇಕೆಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ.