ಡೈರಿ ಅನಸೂಯಮ್ಮನ ಎಂಜಿನ್ ವ್ಯಾಜ್ಯ

ಹಳ್ಳಿಮೈಸೂರಿನ ಕಡೆಯ ಒಂದು ಹಾಲಿನ ಡೈರಿಗೆ ಹದಿನೆಂಟು ವರ್ಷದಿಂದ ಕಾರ್ಯದರ್ಶಿಯಾಗಿರುವ ಅನಸೂಯಮ್ಮನದು ಒಂದೇ ಹಟ. ಯಾರ ಹಾಲೇ ಆಗಲಿ, ಅವರು ಎದುರಿಗೆ ನಿಂತಿದ್ದರೆ ಮಾತ್ರ ಪರೀಕ್ಷೆ ಮಾಡುತ್ತಾಳೆ. "ನಿಮ್ಮುಂದೆ ನೋಡ್ತೀನಿ, ನಿಮ್ಮುಂದೆ ಬರೀತೀನಿ" ಅನ್ನುವುದು ಅವಳ ಬಾಯಿಪಾಠ. ಹಾಲು ಸುರಿದು ಓಡುವ ಅವಸರದವರು ಗೊಣಗುತ್ತಾರೆ. ಗೊಣಗಲಿ. ನೀರು ಬೆರೆಸಿದ ಅಂತ ಆ ಡೈರಿಯಲ್ಲಿ ಇದುವರೆಗೆ ಯಾರ ಮೇಲೂ ಸುಳ್ಳು ಅಪವಾದ ಬಂದಿಲ್ಲ.

ಐವತ್ತರ ಹತ್ತಿರ ಬಂದಮೇಲೆ ಅವಳು ಕಾರು ಓಡಿಸಲು ಕಲಿತಳು. ಗಂಡ ಪುಟ್ಟಸ್ವಾಮಿ ಮೊದಮೊದಲು ಪಕ್ಕದಲ್ಲಿ ಮನೆದೇವರನ್ನು ನೆನೆಯುತ್ತಾ ಕೂರುತ್ತಿದ್ದ. ಆಮೇಲಾಮೇಲೆ ನಿದ್ದೆ ಹೊಡೆಯತೊಡಗಿದ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ? ಅರಕಲಗೂಡಿನ ತವರಿಗೂ ಚನ್ನರಾಯಪಟ್ಟಣದ ಮಗಳ ಮನೆಗೂ ತಾನೇ ಓಡಿಸಿಕೊಂಡು ಹೋಗುವಳು.

ಹೋದ ವರ್ಷ ಹಾಸನದ ಶೋರೂಮಿನಲ್ಲಿ ಸರ್ವಿಸ್ ಮಾಡಿಸಿಕೊಂಡು ಒಬ್ಬಳೇ ವಾಪಸ್ ಬರುತ್ತಿದ್ದಳು. ಹೊಳೆನರಸೀಪುರ ಇನ್ನೇನು ಬಂತು ಅನ್ನುವಾಗ ಆಯಿಲ್‌ನ ಕೆಂಪು ದೀಪ ಹತ್ತಿತು. ತಕ್ಷಣ ಪಕ್ಕಕ್ಕೆ ತಂದು ಆಫ್ ಮಾಡಿದಳು. ಅಷ್ಟರಲ್ಲೇ ಎಂಜಿನ್ ಜಾಮ್ ಆಗಿತ್ತು. ಫೋನ್ ಮಾಡಿದ್ದಕ್ಕೆ ಶೋರೂಮಿನವರು ಕಾರು ಎಳೆದೊಯ್ಯುವ ಗಾಡಿಯ ಜೊತೆ ತಮ್ಮ ಹಳೇ ಮೆಕ್ಯಾನಿಕ್ ಶಾಂತರಾಜುವನ್ನು ಕಳಿಸಿದರು. ಅವನು ಸರಪಳಿ ಬಿಗಿಯಲು ಹೊರಟಾಗ ಅನಸೂಯಮ್ಮ ಅಡ್ಡ ನಿಂತಳು.

"ಇರಪ್ಪ. ಮೊದ್ಲು ಅಡಿಗ್ ತೂರಿ ನೋಡು. ಏನ್ ಕಾಣ್ತದೋ ನನ್ ಮುಂದೇನೆ ಬರಿ."

"ಅಲ್ಲೋದ್ಮೇಲೆ ನೋಡ್ತಾರೆ ಕಣಮ್ಮ."

"ಅಲ್ಲಿ ನಾನಿರಕಿಲ್ಲ. ನೋಡು."

ಶಾಂತರಾಜು ತೂರಿದ. ಎದ್ದು ಬಂದಾಗ ಮುಖ ಸಪ್ಪಗಾಗಿತ್ತು. ಆಯಿಲ್ ಬದಲಾಯಿಸಿದವರು ಎಂಜಿನ್ ಕೆಳಗಿನ ಆಯಿಲ್ ಚೇಂಬರಿನ ಬೋಲ್ಟನ್ನು ಬಿಗಿ ಮಾಡಿರಲಿಲ್ಲ; ಅದು ದಾರಿಯಲ್ಲಿ ಕಳಚಿಬಿದ್ದು ಆಯಿಲ್ಲೆಲ್ಲ ಸೋರಿಹೋಗಿತ್ತು. ಒಳ್ಳೆಯ ಮನುಷ್ಯ, ಕಂಡದ್ದನ್ನು ಕಂಡ ಹಾಗೆ ಚೀಟಿಯಲ್ಲಿ ಬರೆದ: ಬೋಲ್ಟ್ ಇಲ್ಲ, ಆಯಿಲ್ ಚೇಂಬರಿಗೆ ಏಟು ಬಿದ್ದಿಲ್ಲ. ಸಹಿ ಹಾಕಿ ಒಂದು ಪ್ರತಿ ಅವಳಿಗೂ ಕೊಟ್ಟ.

ಮೂರನೇ ದಿನ ಗಂಡ ಹೆಂಡತಿ ಶೋರೂಮಿಗೆ ಹೋದಾಗ ಅಲ್ಲಿನ ಮ್ಯಾನೇಜರ್ ಗಿರಿಧರ ಬೇರೆಯದೇ ರಾಗ ತೆಗೆದ. ಕಲ್ಲಿಗೆ ಗುದ್ದಿ ಚೇಂಬರ್ ಒಡೆದಿದೆಯಂತೆ. ದೀಪ ಹತ್ತಿದ ಮೇಲೂ ಓಡಿಸಿದ್ದಾಳಂತೆ. "ಲೇಡೀಸ್ ಡ್ರೈವಿಂಗ್ ಅಲ್ವಾ ಮೇಡಂ, ಆಗುತ್ತೆ. ಅರ್ಧ ಖರ್ಚು ನಾವೇ ಹಾಕ್ಕೊಳ್ತೀವಿ. ನಿಮ್ಮಿಂದ ಆಯ್ತು ಅಂತ ಇಲ್ಲೊಂದು ಸೈನ್ ಮಾಡಿ."

ಪುಟ್ಟಸ್ವಾಮಿಗೆ ಅದೇ ಸರಿ ಅನ್ನಿಸಿತು. "ಸೈನ್ ಆಕ್ಬುಡು ಕಣೆ. ಇನ್ಮೇಲೆ ಡ್ರೈವರ್ ಇಟ್ಕಳವ."

ಅನಸೂಯಮ್ಮನ ಮೈ ಉರಿದುಹೋಯಿತು. ಮಾಡದ ತಪ್ಪನ್ನು ತನ್ನ ಹೆಸರಿಗೆ ಬರೆದುಕೊಂಡರೆ ಇನ್ನು ಸ್ಟೇರಿಂಗ್ ಮುಟ್ಟಲು ಯಾರೂ ಬಿಡುವುದಿಲ್ಲ, ಗಂಡನಂತೂ ಮೊದಲೇ ಬಿಡುವುದಿಲ್ಲ. ಸಹಿ ಹಾಕದೆ ಎದ್ದು ಬಂದಳು. ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಳು. ಅಲ್ಲಿ ತಾನೇ ನಿಂತು ವಾದಿಸಬಹುದು ಅಂತ ಗೊತ್ತಾದ ಮೇಲೆ ವಕೀಲರನ್ನೂ ಹಿಡಿಯಲಿಲ್ಲ. ಬೆಳಗಿನ ಹಾಲು ಮುಗಿಸಿ ಬಸ್ಸು ಹತ್ತುವಳು, ಸಂಜೆಯ ಹಾಲಿಗೆ ವಾಪಸ್. ಹೀಗೆ ಹನ್ನೊಂದು ತಿಂಗಳು ಓಡಾಡಿದಳು.

ಎದುರು ಕಡೆಯ ವಕೀಲರು ಒಡೆದ ಚೇಂಬರಿನ ಫೋಟೋ ತೋರಿಸಿದ ದಿನ ಅವಳು ಚೀಟಿ ಮುಂದಿಟ್ಟಳು.

"ರಸ್ತೇಲಿ ಚೇಂಬರ್ ನೆಟ್ಟಗಿತ್ತು ಸಾ, ಬರ್ದಿರೋನು ಇವ್ರದೇ ಮೆಕ್ಯಾನಿಕ್ಕು. ಇವ್ರ ಶೆಡ್ಡಿಗೋದ್ಮೇಲೆ ಒಡ್ದದೆ. ಎಂಜಿನ್ ಬಿಚ್ಚುವಾಗ ನನ್ನ ಕರುದ್ರಾ, ಕೇಳಿ. ನನ್ ಡೈರೀಲಿ ಅರ್ಧ ಲೀಟರ್ ಹಾಲ್ಗೂ ನಾನಿಂಗ್ ಮಾಡಕಿಲ್ಲ."

ಆಯೋಗದವರು ಶಾಂತರಾಜುವನ್ನು ಕರೆಸಿ ಕೇಳಿದರು. ಧಣಿಗಳು ಎದುರಿಗೇ ಕೂತಿದ್ದರೂ ಸಹಿ ತನ್ನದೇ, ಬರೆದದ್ದು ನಿಜ ಎಂದ. ಅವನಿಗೂ ಒಂದು ನಮಸ್ಕಾರ ಸಲ್ಲಬೇಕು.

ತಪ್ಪು ಶೋರೂಮಿನದೇ, ಹೊಸ ಎಂಜಿನ್ ಹಾಕಿಕೊಡಬೇಕು, ಪರಿಹಾರವನ್ನೂ ಕೊಡಬೇಕು ಎಂದು ಆದೇಶವಾಯಿತು. ಅದರಲ್ಲಿ ‘ದೂರುದಾರರ ಚಾಲನೆಯಲ್ಲಿ ಯಾವ ಲೋಪವೂ ಕಂಡುಬಂದಿಲ್ಲ’ ಎಂಬ ಸಾಲನ್ನು ಅವಳು ಡೈರಿಯಲ್ಲಿ ನಿಂತವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದಳು. ಹೆಮ್ಮೆ ಬಂದಾಗ ಯಾಕೆ ಮುಚ್ಚಿಡಬೇಕು?

ಕಾರು ತರುವ ದಿನ ಪುಟ್ಟಸ್ವಾಮಿಯೂ ಜೊತೆಗೆ ಹೋದ. ಗಿರಿಧರ ರೂಢಿಯಂತೆ ಬೀಗದ ಕೈಯನ್ನು ಗಂಡಸಿನ ಕಡೆ ಚಾಚಿದ. ಪುಟ್ಟಸ್ವಾಮಿ ಕೈ ಒಡ್ಡಲಿಲ್ಲ.

"ನಂಗ್ಯಾಕ್ ಕೊಟ್ಟೀರಿ ಸಾ? ಓಡ್ಸೋರು ಅವ್ರು" ಎಂದು ಎಡಗಡೆಯ ಬಾಗಿಲು ತೆಗೆದು ಕೂತ.

ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯನ್ನು ಅವನು ‘ಅವ್ರು’ ಅಂದದ್ದು ಅದೇ ಮೊದಲು. ಅನಸೂಯಮ್ಮ ಬೀಗದ ಕೈ ಈಸಿಕೊಂಡಳು.