ಬೋರ್ಡಿನ ಮೊದಲ ಹೆಸರು

ನಮ್ಮ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಇರುವೆ ಎನ್ನುತ್ತಿದ್ದೆವು. ಬಾವಿ ಬಾವಿಗೆ ಅಲೆದು ನೀರು ತುಂಬಿಸಿ ತರುವವಳು, ಅದರಲ್ಲಿನ ವಿಷ ಅಳೆಯುವವಳು, ಕೊನೆಗೆ ಕೂತು ಪ್ರಬಂಧ ಬರೆಯುವವಳೂ ಅವಳೇ. ಲೇಖಕರ ಹೆಸರುಗಳನ್ನು ಮಾತ್ರ ಗೋಡೆಯ ಬಿಳಿ ಬೋರ್ಡಿನ ಮೇಲೆ ಪ್ರಯೋಗಾಲಯದ ಮುಖ್ಯಸ್ಥರಾದ ಸರ್ ತಾವೇ ಬರೆಯುತ್ತಿದ್ದರು. ಮೊದಲು ಅವರದು, ಆಮೇಲೆ ಅವರ ಅಳಿಯನದು. ಆ ಮಹಾಶಯನಿಗೋ ನಮ್ಮ ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ಎಂಬುದೂ ಗೊತ್ತಿರಲಿಲ್ಲ. ಇರುವೆಯ ಹೆಸರು ಬಾಲದಲ್ಲಿ, ಕೆಲವು ಸಲ ಅದೂ ಇಲ್ಲ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು ಎಂದು ನಾನು ಗೊಣಗಿದರೆ, "ಸುಮ್ನಿರೇ, ಕೇಳಿಸ್ಕೊಂಡಾರು" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಬೋರ್ಡಿನಲ್ಲಿ ಅವಳ ಹೆಸರೇ ಮೊದಲಿತ್ತು. ಮೊದಲೇನು, ಅದೊಂದೇ ಇತ್ತು.

"ದುಡಿದೋಳು ನೀನಮ್ಮ, ಹೆಸರೂ ನಿಂದೇ ಇರ್ಲಿ," ಎಂದರು ಸರ್, ಬೆಣ್ಣೆಯಂಥ ದನಿಯಲ್ಲಿ.

ಅವಳು ಅಲ್ಲೇ ನಿಂತು ಅಮ್ಮನಿಗೆ ಫೋನ್ ಮಾಡಿದಳು. ನನಗೋ ಅನುಮಾನ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ ಹೀಗೆ ಹೆಸರು ಬಿಟ್ಟುಕೊಡುವುದೆಂದರೇನು? ಹೊಸ ಫಿಲ್ಟರೊಂದು ನೀರಿನ ವಿಷ ತೆಗೆಯುತ್ತದೆ ಎನ್ನುವ ಪ್ರಬಂಧ ಅದು. ಅವಳು ಜ್ವರದಿಂದ ಮಲಗಿದ್ದಾಗ ಕೊನೆಯ ಅಳತೆಗಳನ್ನು ಸರ್ ತಾವೇ ಮಾಡಿ ಅಂಕಿ ಕೊಟ್ಟಿದ್ದರು. ಫಿಲ್ಟರ್ ಗೆದ್ದದ್ದೇ ಆ ಅಂಕಿಗಳಿಂದ.

"ಅಳತೆ ಯಂತ್ರದ ಮೂಲ ದಾಖಲೆ ನೋಡಿದ್ಯೇನೇ?" ಎಂದೆ.

"ಕೇಳ್ದೆ. ಆಮೇಲೆ ಕೊಡ್ತೀನಿ ಅಂದ್ರು."

"ಕೊಡೋವರೆಗೂ ಕಳಿಸ್ಬೇಡ."

"ಇಷ್ಟು ವರ್ಷಕ್ಕೆ ನನ್ನ ಹೆಸರು ಬಂದಿದೆ. ನಿಂಗೆ ಹೊಟ್ಟೆಕಿಚ್ಚು ಕಣೇ."

ಸಿಟ್ಟು ನೆತ್ತಿಗೇರಿತು, ಎದ್ದು ಹೋದೆ. ಎಲ್ಲ ಅಳತೆಗಳೂ ತನ್ನವೇ ಎಂದು ಸಹಿ ಹಾಕಿ ಅವಳು ಪ್ರಬಂಧವನ್ನು ಪತ್ರಿಕೆಗೆ ಕಳಿಸಿಬಿಟ್ಟಳು.

ಅಚ್ಚಾಯಿತು. ಅದನ್ನು ತೋರಿಸಿ ಫಿಲ್ಟರ್ ತಯಾರಿಸಿದವರು ಅದನ್ನು ಊರೂರಿಗೆ ಹಂಚಿದರು. ವರ್ಷ ತಿರುಗುವಷ್ಟರಲ್ಲಿ ಆ ನೀರು ಕುಡಿದ ಮಕ್ಕಳು ಒಬ್ಬೊಬ್ಬರಾಗಿ ಆಸ್ಪತ್ರೆ ಸೇರತೊಡಗಿದರು.

ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬಂದರು. ಮೂಲ ದಾಖಲೆ ಎಲ್ಲಿ ಎಂದು ಕೇಳಿದರು. ಇರುವೆ, ಸರ್ ಅವರ ಮುಖ ನೋಡಿದಳು. ಅವರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡರು.

"ಮೊದಲಿಂದ ಕೊನೇವರೆಗೂ ಎಲ್ಲಾ ಇವಳದೇ ಕೆಲಸ," ಎಂದರು. "ಇದರಲ್ಲಿ ನಂದೇನೂ ಇಲ್ಲ."

ಆ ಮಾತನ್ನು ಅವರು ನಾಲ್ಕು ಜನರೆದುರು ಒಮ್ಮೆಯಾದರೂ ಹೇಳಲಿ ಎಂದು ಅವಳು ವರ್ಷಗಟ್ಟಲೆ ಕಾದಿದ್ದಳು.